ಒಂದೂವರೆ ಗಂಟೆ ಬೆಳಕು ಇರ್ತದೆ ಎಂದಿದ್ದೆ

“ಇಳಿಸಿ ಟೀಚರ್, ಹೆದರಿಕೆ ಬೇಡ, ಮೆಟ್ಟಿಲಲ್ಲಿ ಒಂದೂವರೆ ಗಂಟೆ ಬೆಳಕು ಇರ್ತದೆ.”

ಎರಡು ವರ್ಷಗಳ ಹಿಂದಿನ ಜೂನ್ ತಿಂಗಳ ಒಂದು ಸಂಜೆ, ಮಂಗಳೂರಿನ ಬಲ್ಮಠದ ಬಳಿಯ ಆರು ಮಹಡಿಯ ವಾಣಿಜ್ಯ ಕಟ್ಟಡವೊಂದರ ನಾಲ್ಕನೆಯ ಮಹಡಿಯ ಟ್ಯೂಷನ್ ತರಗತಿಯ ಬಾಗಿಲಲ್ಲಿ ನಿಂತು ನಾನು ಹೇಳಿದ ಮಾತಿದು. ಆ ಕಟ್ಟಡದ ವಿದ್ಯುತ್ ನಿರ್ವಹಣೆಯ ಸೂಪರ್‌ವೈಸರ್ ನಾನು. ಮಾತು ಮುಗಿದು ಆರು ನಿಮಿಷವಾಗುವಷ್ಟರಲ್ಲಿ ಸುಮಾರು ಐವತ್ತು ಮಕ್ಕಳು ಕಿಟಕಿಯಿಲ್ಲದ ಹಿಂಬದಿಯ ಮೆಟ್ಟಿಲಿನಲ್ಲಿ, ತಮ್ಮ ಕೈ ತಮಗೇ ಕಾಣದ ಕತ್ತಲಲ್ಲಿ ನಿಂತಿದ್ದರು.

ಆ ಕಟ್ಟಡದಲ್ಲಿ 42 ಎಮರ್ಜೆನ್ಸಿ ಫಿಟ್ಟಿಂಗ್‌ಗಳಿವೆ, ಅಂದರೆ ಕರೆಂಟ್ ಹೋದಾಗ ಒಳಗಿನ ಬ್ಯಾಟರಿಯಿಂದ ತಾವೇ ಹತ್ತುವ ತುರ್ತು ದೀಪಗಳು. ಪ್ರತಿ ತಿಂಗಳ ಮೊದಲ ವಾರ ನಾನೋ ನನ್ನ ಜೊತೆಯ ಹುಡುಗನೋ ಏಣಿ ಹಿಡಿದು ಹೊರಟು, ಒಂದೊಂದರ ಟೆಸ್ಟ್ ಗುಂಡಿಯನ್ನು ಒತ್ತಿ, ದೀಪ ಹತ್ತಿತೆಂದರೆ ರಿಜಿಸ್ಟರಿನಲ್ಲಿ ‘ಓಕೆ’ ಎಂದು ಬರೆಯುತ್ತಿದ್ದೆವು. ಚಾರ್ಜಿಂಗಿನ ಹಸಿರು ಎಲ್‌ಇಡಿ ಉರಿಯುತ್ತಿದೆಯೇ ಎಂದೂ ನೋಡುತ್ತಿದ್ದೆವು. ಎಲ್ಲವೂ ಉರಿಯುತ್ತಿದ್ದವು. ವರ್ಷಕ್ಕೊಮ್ಮೆ ಕರೆಂಟ್ ತೆಗೆದು, ಬ್ಯಾಟರಿ ಖಾಲಿಯಾಗುವವರೆಗೆ ದೀಪ ಉರಿಸಿ, ಪೂರ್ತಿ ಡಿಸ್ಚಾರ್ಜ್ ಮಾಡಿ ನೋಡಬೇಕೆಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅದಕ್ಕೆ ಅನುಮತಿ ಕೇಳಿದ್ದೆ. “ಎಂತ ಮಾರಾಯ್ರೆ, ಹಸಿರು ಲೈಟ್ ಉರೀತಾ ಉಂಟಲ್ಲ, ಮತ್ತೆಂತಕ್ಕೆ ಕರೆಂಟ್ ತೆಗೆಯೋದು?” ಎಂದು ಮ್ಯಾನೇಜರ್ ಕೇಳಿದರು. ವಾರದ ದಿನಗಳಲ್ಲಿ ಶೋರೂಮಿನವರು ಒಪ್ಪುವುದಿಲ್ಲ, ಭಾನುವಾರ ಟ್ಯೂಷನ್ ಇರುತ್ತದೆ, ರಾತ್ರಿ ಮಾಡಿದರೆ ಓವರ್‌ಟೈಮ್ ಕೊಡಬೇಕಾಗುತ್ತದೆ. ಎರಡನೆಯ ವರ್ಷವೂ ಕೇಳಿದೆ. ಮೂರನೆಯ ವರ್ಷ ಕೇಳಲಿಲ್ಲ. ಕರೆಂಟ್ ಹೋದರೆ ಹನ್ನೆರಡು ಸೆಕೆಂಡಿನಲ್ಲಿ ಡಿಜಿ, ಅಂದರೆ ಡೀಸೆಲ್ ಜನರೇಟರ್, ಲೋಡ್ ತೆಗೆದುಕೊಳ್ಳುತ್ತದೆ, ಈ ದೀಪಗಳಿಗೆ ಅಷ್ಟು ಹೊತ್ತಿನ ಕೆಲಸ ಮಾತ್ರ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ. ಮೂರು ವರ್ಷಗಳಲ್ಲಿ ಆ ಬ್ಯಾಟರಿಗಳು ಒಮ್ಮೆಯೂ ಒಂದು ನಿಮಿಷ ಪೂರ್ತಿ ದುಡಿದಿರಲಿಲ್ಲ.

ಆ ಸಂಜೆ ಆರೂವರೆಯ ಹೊತ್ತಿಗೆ ಮಳೆ ಹಿಡಿದಿತ್ತು. 6.40ಕ್ಕೆ ಬಡಿದ ಸಿಡಿಲಿಗೆ ಇಡೀ ರಸ್ತೆಗೆ ಕರೆಂಟ್ ಕೊಡುವ ಫೀಡರ್ ಲೈನ್ ಹೋಯಿತು. ನಾನು ಬೇಸ್‌ಮೆಂಟಿನ ಪ್ಯಾನಲ್ ಕೋಣೆಯಲ್ಲಿದ್ದೆ. ಕರೆಂಟ್ ಹೋದಾಗ ಡಿಜಿಯನ್ನು ತಾನೇ ಚಾಲೂ ಮಾಡುವ ಎಎಂಎಫ್ ಪ್ಯಾನಲ್ ಅದನ್ನು ಒಂದು ಸಲ ಕ್ರ್ಯಾಂಕ್ ಮಾಡಿತು, ಎರಡನೆಯ ಸಲ ಮಾಡಿತು, ಮೂರನೆಯ ಸಲ ಸ್ಟಾರ್ಟರ್ ಬರಿದೇ ‘ಕಟ್’ ಎಂದು ಸದ್ದು ಮಾಡಿ ನಿಂತಿತು. ಸ್ಟಾರ್ಟ್ ಫೇಲ್, ಲಾಕ್‌ಔಟ್. ರೀಸೆಟ್ ಮಾಡಿ ಕೈಯಾರೆ ಪ್ರಯತ್ನಿಸುತ್ತಿರುವಾಗಲೇ ವಾಚ್‌ಮನ್ ಓಡಿಬಂದು, ಮೂರನೆಯ ಮಹಡಿಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿದೆ ಎಂದ. ಟಾರ್ಚ್ ಹಿಡಿದು ಹಿಂಬದಿಯ ಮೆಟ್ಟಿಲಿನಿಂದ ಓಡಿದೆ. ವಾಸನೆ ಮುಂಬದಿಯ ಮೆಟ್ಟಿಲಿನ ಪಕ್ಕದ ಎಲೆಕ್ಟ್ರಿಕಲ್ ಶಾಫ್ಟಿನಿಂದ, ಮಹಡಿಯಿಂದ ಮಹಡಿಗೆ ಕೇಬಲ್‌ಗಳು ಹಾಯುವ ಕಂಡಿಯಿಂದ, ಬರುತ್ತಿತ್ತು. ಸಿಡಿಲಿನ ಹೊಡೆತವನ್ನು ತಾನು ಹೊತ್ತುಕೊಂಡು ಸರ್ಜ್ ಪ್ರೊಟೆಕ್ಟರ್ ಸುಟ್ಟುಹೋಗಿತ್ತು ಎಂಬುದು ಆಮೇಲೆ ಗೊತ್ತಾಯಿತು. ಆ ಕ್ಷಣಕ್ಕೆ ಬೆಂಕಿಯಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ಮೇಲಿನ ಮಹಡಿಯ ಮಕ್ಕಳನ್ನು ಕೆಳಗಿಳಿಸುವುದೇ ಸರಿ, ಅದೂ ಶಾಫ್ಟಿನಿಂದ ದೂರವಿರುವ ಹಿಂಬದಿಯ ಮೆಟ್ಟಿಲಿನಿಂದ, ಎಂದು ನಿರ್ಧರಿಸಿದೆ. ಈ ನಿರ್ಧಾರ ತಪ್ಪೆಂದು ನನಗೆ ಇಂದಿಗೂ ಅನಿಸುವುದಿಲ್ಲ.

ತಪ್ಪು ಬೇರೆಡೆ ಇತ್ತು. ನಾಲ್ಕನೆಯ ಮಹಡಿಯ ಬಾಗಿಲಿನ ಮೇಲೆ ಹಸಿರು ಎಕ್ಸಿಟ್ ಫಲಕ ಸ್ಪಷ್ಟವಾಗಿ ಬೆಳಗುತ್ತಿತ್ತು, ಅದರಾಚೆಯ ಮೆಟ್ಟಿಲಿನಲ್ಲಿ ಬೆಳ್ಳಗಿನ ಬೆಳಕಿತ್ತು. ಟೀಚರ್ ನನ್ನ ಮುಖ ನೋಡಿ, “ಮಕ್ಕಳನ್ನು ಇಳಿಸ್ಬಹುದಾ ಸರ್, ಕೆಳಗಿನವರೆಗೆ ಲೈಟ್ ಉಂಟಾ?” ಎಂದು ನೇರವಾಗಿ ಕೇಳಿದರು. ಆರು ನಿಮಿಷಗಳ ಹಿಂದಷ್ಟೇ ನಾನು ಅದೇ ಮೆಟ್ಟಿಲನ್ನು ಹತ್ತಿ ಬಂದಿದ್ದೆ. ಎರಡನೆಯ ಮಹಡಿಯ ತಿರುವಿನಲ್ಲಿ ದೀಪವೇ ಹತ್ತಿರಲಿಲ್ಲ, ನಾನು ಅದರ ಕೆಳಗೇ ಹಾದುಬಂದಿದ್ದೆ. ಕೈಯಲ್ಲಿ ಟಾರ್ಚ್ ಇದ್ದುದರಿಂದ ಅಲ್ಲಿ ಕತ್ತಲಿದೆಯೆಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಟೀಚರ್ ಕೇಳಿದ ಪ್ರಶ್ನೆಗೆ ಉತ್ತರ ನನ್ನ ಕಣ್ಣೆದುರಿಗೇ ಬಂದುಹೋಗಿತ್ತು, ಆದರೂ ನಾನು ಕೊಟ್ಟ ಉತ್ತರ ಫಿಟ್ಟಿಂಗಿನ ಡಬ್ಬದ ಮೇಲೆ ಅಚ್ಚಾಗಿದ್ದ ಒಂದೂವರೆ ಗಂಟೆ. ಹೇಳಿದವನು ಮಕ್ಕಳ ಜೊತೆ ಇಳಿಯಲೂ ಇಲ್ಲ. ಶಾಫ್ಟಿನ ವಾಸನೆಯ ಮೂಲ ಹುಡುಕಲು ಟಾರ್ಚ್ ಸಮೇತ ಮೂರನೆಯ ಮಹಡಿಗೆ ಮರಳಿದೆ.

ಮೊದಲು ಕೇಳಿದ್ದು ಚೀರಾಟವಲ್ಲ. ಅಷ್ಟು ಹೊತ್ತು ಕೇಳುತ್ತಿದ್ದ ಚಪ್ಪಲಿಗಳ ಸದ್ದು ಒಮ್ಮೆಲೇ ನಿಂತುಹೋಯಿತು. ಮೆಟ್ಟಿಲಿನ ಬಾಗಿಲು ತೆರೆದು ನೋಡಿದಾಗ ಮೂರನೆಯ ಮಹಡಿಯ ದೀಪ ಕೆಂಡದಂತೆ ಕೆಂಪಗಾಗಿ, ನಾನು ನೋಡುತ್ತಿರುವಂತೆಯೇ ಆರಿತು. ಮೇಲಿನದು ಅದಕ್ಕೂ ಮೊದಲೇ ಆರಿತ್ತು. ಮುಂದಿದ್ದ ಮಕ್ಕಳು ಎರಡನೆಯ ಮಹಡಿಯ ತಿರುವಿನ ಕತ್ತಲನ್ನು ಕಂಡು ನಿಂತಿದ್ದರು, ಹಿಂದಿನವರು ಅದು ತಿಳಿಯದೆ ಇಳಿಯುತ್ತಲೇ ಇದ್ದರು. ನಾನು ಟಾರ್ಚ್ ಬೀಸುತ್ತ, “ಎಲ್ಲರೂ ಇದ್ದಲ್ಲೇ ನಿಲ್ಲಿ, ಕಂಬಿ ಹಿಡ್ಕೊಳ್ಳಿ” ಎಂದು ಕೂಗುವಷ್ಟರಲ್ಲಿ ಒಬ್ಬಳು ಹುಡುಗಿ ಮೆಟ್ಟಿಲು ತಪ್ಪಿ ಬಿದ್ದಳು, ಅವಳ ಮೇಲೆ ಇನ್ನಿಬ್ಬರು ಬಿದ್ದರು. ಟಾರ್ಚಿನ ಬೆಳಕಿಗೆ ಕಂಡ ಮುಖಗಳು ಇನ್ನೂ ಕಣ್ಣ ಮುಂದಿವೆ. ಒಬ್ಬ ಹುಡುಗ ಬ್ಯಾಗನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿ ಕುಳಿತಿದ್ದ, ಎಷ್ಟು ಕರೆದರೂ ಏಳಲಿಲ್ಲ. ಎಲ್ಲರನ್ನೂ ಕೆಳಗಿಳಿಸಲು ಇನ್ನೂ ಎಂಟು ನಿಮಿಷ ಹಿಡಿಯಿತು. ಹುಡುಗಿಯ ಕಾಲು ಉಳುಕಿತ್ತು, ಮೂಳೆ ಮುರಿದಿರಲಿಲ್ಲ. ಅವಳನ್ನು ಎತ್ತಿಕೊಂಡು ಗೇಟಿಗೆ ಬಂದಾಗ ಕೊಡೆ ಹಿಡಿದು ನಿಂತಿದ್ದ ಅವಳ ತಾಯಿ, “ಇಲ್ಲಿ ಕರೆಂಟಿನದ್ದು ನೋಡಿಕೊಳ್ಳುವವರು ನೀವೇ ಅಲ್ವಾ?” ಎಂದು ಕೇಳಿದರು. ಹೌದು ಎಂದೆ. ಅವರು ಮತ್ತೇನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮೂರನೆಯ ಮಹಡಿಯ ಫಿಟ್ಟಿಂಗನ್ನು ಇಳಿಸಿ ಬಿಚ್ಚಿದೆ. ಮುಚ್ಚಳದ ಒಳಗೆ ಎರಡು ಹಲ್ಲಿ ಮೊಟ್ಟೆಗಳಿದ್ದವು. ಮೂರು ಸೆಲ್ಲಿನ 3.6 ವೋಲ್ಟ್ ನಿಕಲ್ ಕ್ಯಾಡ್ಮಿಯಂ ಪ್ಯಾಕ್, ಒಂದು ತುದಿಯಲ್ಲಿ ಉಪ್ಪು ಕಟ್ಟಿದಂತೆ ಬಿಳಿಯ ಪುಡಿ, ಮೇಲಿನ ಹೊದಿಕೆ ಬಿಸಿಗೆ ಕಂದಿ ಬಿರುಕುಬಿಟ್ಟಿತ್ತು. ಲೋಡ್ ಇಲ್ಲದೆ ಅಳೆದಾಗ ಮೀಟರ್ 3.8 ತೋರಿಸಿತು, ದೀಪ ಹತ್ತಿಸಿದಾಗ ಮೂರು ನಿಮಿಷದೊಳಗೆ 2.4ಕ್ಕೆ ಕುಸಿಯಿತು. ಸೆಲ್‌ಗಳು ಕಟ್ಟಡ ಉದ್ಘಾಟನೆಯಾದ ಕಾಲದವು, ಏಳು ವರ್ಷ ಹಳೆಯವು. ಇಂತಹ ಪ್ಯಾಕುಗಳು ನಾಲ್ಕು ವರ್ಷ ಬಾಳಿದರೆ ಹೆಚ್ಚು. ನಮ್ಮ ಕರಾವಳಿಯ ಸೆಕೆಯಲ್ಲಿ, ಗಾಳಿಯಾಡದ ಮೆಟ್ಟಿಲಿನ ಸ್ಲ್ಯಾಬಿಗೆ ಅಂಟಿಕೊಂಡು, ಹಗಲೂ ರಾತ್ರಿ ಚಾರ್ಜಿನಲ್ಲೇ ಇರುವ ಸೆಲ್ ಅಷ್ಟೂ ಬಾಳುವುದಿಲ್ಲ. ಹಸಿರು ಎಲ್‌ಇಡಿ ಮಾತ್ರ ಆ ಬೆಳಿಗ್ಗೆಯೂ ಉರಿಯುತ್ತಿತ್ತು. ಬ್ಯಾಟರಿಗೆ ಚಾರ್ಜಿಂಗ್ ಕರೆಂಟ್ ಹರಿಯುತ್ತಿದೆ ಎಂಬುದಷ್ಟನ್ನೇ ಅದು ಹೇಳಬಲ್ಲದು. ಆ ಬ್ಯಾಟರಿಯಲ್ಲಿ ಎಷ್ಟು ನಿಮಿಷದ ಬೆಳಕಿದೆ ಎಂದು ಹೇಳುವ ಸಾಮರ್ಥ್ಯ ಅದಕ್ಕಿಲ್ಲ.

ಎರಡನೆಯ ಮಹಡಿಯ ತಿರುವಿನದು ಬೇರೆಯೇ ಕಥೆ. ಅಲ್ಲಿಯ ಬ್ಯಾಟರಿ ಹೊಸದು, ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು. ವೈರ್ ಹಿಡಿದುಕೊಂಡು ಸೀಲಿಂಗಿನೊಳಗೆ ಹೋದಾಗ ಕಾರಣ ಸಿಕ್ಕಿತು. ಹಿಂದಿನ ವರ್ಷ ಆ ಮಹಡಿಯ ಕಚೇರಿ ತನ್ನ ಒಳಾಂಗಣವನ್ನು ಬದಲಿಸಿಕೊಂಡಿತ್ತು, ಆಗ ಸೀಲಿಂಗ್ ಕೆಲಸದವರು ಈ ಫಿಟ್ಟಿಂಗಿನ ಸಪ್ಲೈಯನ್ನು ಮೆಟ್ಟಿಲಿನ ಲೈಟಿಂಗ್ ಸರ್ಕ್ಯೂಟಿನಿಂದ ಕಿತ್ತು ಹತ್ತಿರ ಸಿಕ್ಕಿದ ಯುಪಿಎಸ್‌ನ ಡಿಬಿಗೆ (ವಿದ್ಯುತ್ ಹಂಚುವ ಪೆಟ್ಟಿಗೆಗೆ) ಕೊಟ್ಟಿದ್ದರು. ಊರಿಗೆಲ್ಲ ಕರೆಂಟ್ ಹೋದರೂ ಆ ಕಚೇರಿಯ ಯುಪಿಎಸ್ ಜೀವಂತವಾಗಿತ್ತು. ಫಿಟ್ಟಿಂಗಿನ ಲೆಕ್ಕದಲ್ಲಿ ಕರೆಂಟ್ ಹೋಗಿರಲೇ ಇಲ್ಲ, ಆದ್ದರಿಂದ ಅದು ಹತ್ತಲಿಲ್ಲ. ಕರೆಂಟ್ ಹೋದಾಗ ಮಾತ್ರ ಹತ್ತುವ ಇಂಥ ನಾನ್-ಮೇಂಟೇನ್ಡ್ ಫಿಟ್ಟಿಂಗಿಗೆ ಅದು ಕಾಯುವ ಜಾಗದ ಲೈಟಿಂಗ್ ಸರ್ಕ್ಯೂಟಿನಿಂದಲೇ, ಸ್ವಿಚ್ಚಿಗೆ ಮೊದಲಿನ ಲೈನ್ ಸಿಗಬೇಕು, ಆ ಸರ್ಕ್ಯೂಟನ್ನು ಕಾಯುವ ಸ್ವಿಚ್ಚು, ಅಂದರೆ ಎಂಸಿಬಿ, ಟ್ರಿಪ್ ಆದರೂ ದೀಪ ಹತ್ತಬೇಕು. ಟೆಸ್ಟ್ ಗುಂಡಿ ಆ ಒಂದು ಡಬ್ಬದೊಳಗೆ ಬಂದ ಲೈನನ್ನು ಮಾತ್ರ ಕಡಿಯುತ್ತದೆ, ಲೈನ್ ಎಲ್ಲಿಂದ ಬಂದಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಹನ್ನೊಂದು ತಿಂಗಳು ನಾವು ಆ ಗುಂಡಿ ಒತ್ತಿ ‘ಓಕೆ’ ಬರೆದಿದ್ದೇವೆ. ಅದರಲ್ಲಿ ಏಳು ಸಹಿಗಳು ನನ್ನವು.

ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಸಾಮಾನ್ಯ ದೀಪ ಹೋದ ಕೆಲವೇ ಸೆಕೆಂಡಿನೊಳಗೆ ತುರ್ತು ದೀಪ ಹತ್ತಬೇಕು, ಎಷ್ಟೇ ಸಣ್ಣ ಕಟ್ಟಡವಾದರೂ ಕನಿಷ್ಠ 1 ಗಂಟೆ 30 ನಿಮಿಷ ಉರಿಯಬೇಕು, ಕಾಲಕಾಲಕ್ಕೆ ತಪಾಸಣೆ ಮತ್ತು ಪರೀಕ್ಷೆ ನಡೆಯಬೇಕು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತಾಗ, ಬಾಲ್ಕನಿಯಲ್ಲಿದ್ದವರು ತುರ್ತು ದೀಪವಿಲ್ಲದ ಕತ್ತಲಲ್ಲಿ, ಹೊಗೆಯ ನಡುವೆ ಬಾಗಿಲು ಹುಡುಕಬೇಕಾಯಿತು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಹೊತ್ತಿಕೊಂಡದ್ದು ಎಲೆಕ್ಟ್ರಿಕಲ್ ಶಾಫ್ಟಿನಲ್ಲಿ. ನನ್ನ ಶಾಫ್ಟಿನಲ್ಲಿ ಅಂದು ಸುಟ್ಟದ್ದು ಬರಿಯ ಸರ್ಜ್ ಪ್ರೊಟೆಕ್ಟರ್ ಆಗಿತ್ತು ಎಂಬುದನ್ನು ನೆನೆದಾಗ ಇಂದಿಗೂ ಮೈ ತಣ್ಣಗಾಗುತ್ತದೆ.

ವರದಿಯಲ್ಲಿ ಎರಡು ದೋಷಗಳನ್ನೂ, ಅನುಮತಿ ಕೇಳುವುದನ್ನು ನಾನೇ ನಿಲ್ಲಿಸಿದ್ದನ್ನೂ ಬರೆದೆ. ಹೊಸ ಫಿಟ್ಟಿಂಗ್‌ಗಳ ಕೊಟೇಷನ್ ತರಿಸಿ ಎಂದು ಮ್ಯಾನೇಜರ್ ಹೇಳಿದರು. ಯಾವುದು ಸತ್ತಿದೆ ಎಂದು ಮೊದಲು ನೋಡೋಣ, ಒಂದು ರಾತ್ರಿ ಕೊಡಿ ಎಂದು ಪಟ್ಟು ಹಿಡಿದೆ. ಮಕ್ಕಳು ಬಿದ್ದ ಸುದ್ದಿ ಮಾಲೀಕರವರೆಗೆ ಹೋಗಿದ್ದರಿಂದ ರಾತ್ರಿ ಸಿಕ್ಕಿತು, ಮೂರು ವರ್ಷ ಸಿಗದಿದ್ದ ಓವರ್‌ಟೈಮೂ ಸಿಕ್ಕಿತು.

ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು 24 ಗಂಟೆ ಬೇಕು. ಎಲ್ಲವನ್ನೂ ಒಂದೇ ರಾತ್ರಿ ಖಾಲಿ ಮಾಡಿದರೆ ಮರುದಿನ ಜನ ತುಂಬಿದ ಕಟ್ಟಡಕ್ಕೆ ತುರ್ತು ದೀಪವೇ ಇರುವುದಿಲ್ಲ. ಆದ್ದರಿಂದ ಒಂದು ಬಿಟ್ಟು ಒಂದರಂತೆ ಅರ್ಧದಷ್ಟನ್ನು ಒಂದು ಭಾನುವಾರ, ಉಳಿದದ್ದನ್ನು ಮುಂದಿನ ಭಾನುವಾರ ಎಂದು ಹಂಚಿಕೊಂಡೆವು. ಆ ರಾತ್ರಿಗೆ ಬೇಡದ ಫಿಟ್ಟಿಂಗಿನ ಬ್ಯಾಟರಿ ಕನೆಕ್ಟರನ್ನು ಮೊದಲೇ ಕಳಚಿ, ಪರೀಕ್ಷೆ ಮುಗಿದ ಕೂಡಲೇ ಮರಳಿ ಹಾಕುತ್ತಿದ್ದೆವು. ಗುಂಡಿ ಮುಟ್ಟಲಿಲ್ಲ. ಪ್ರತಿ ಮಹಡಿಯ ಡಿಬಿಯಲ್ಲಿ ಲೈಟಿಂಗ್ ಎಂಸಿಬಿಯನ್ನೇ ಇಳಿಸಿ, ಹತ್ತದೆ ಉಳಿದ ಫಿಟ್ಟಿಂಗ್ ಯಾವುದೆಂದು ಮೊದಲು ನೋಡಿದೆವು. ಯುಪಿಎಸ್ಸಿಗೆ ಜೋಡಿಸಿದ ಇನ್ನೊಂದು ಫಿಟ್ಟಿಂಗ್ ಹಾಗೆ ಸಿಕ್ಕಿತು. ಆಮೇಲೆ ಟಾರ್ಚ್ ಆರಿಸಿ ಮೆಟ್ಟಿಲಲ್ಲಿ ಕುಳಿತೆವು, ನಾನು, ಹುಡುಗ, ಗದಗದ ಕಡೆಯ ವಾಚ್‌ಮನ್. ಟಾರ್ಚ್ ಆರಿಸಬೇಕೆಂಬುದು ನನ್ನ ಕಟ್ಟಪ್ಪಣೆಯಾಗಿತ್ತು. ಒಂದೊಂದು ದೀಪ ಆರಿದಾಗಲೂ ಅದರ ಕೆಳಗಿನ ಗೋಡೆಯ ಮೇಲೆ ಚಾಕ್‌ಪೀಸಿನಿಂದ ನಿಮಿಷ ಬರೆಯುತ್ತಿದ್ದೆವು. “ಸರ, ಇಲ್ಲೊಂದು ಆರಿತ್ರಿ,” ಎಂದು ಮೇಲಿನಿಂದ ವಾಚ್‌ಮನ್ ಕೂಗುತ್ತಿದ್ದ. 4, 7, 9, 9, 11, 23. ಎರಡು ಭಾನುವಾರ ಮುಗಿದಾಗ 42ರಲ್ಲಿ 90 ನಿಮಿಷ ದಾಟಿದವು ಕೇವಲ 13. ಹುಡುಗ ಬಹಳ ಹೊತ್ತು ಸುಮ್ಮನಿದ್ದು, “ಅಣ್ಣ, ನಾವು ಇಷ್ಟು ದಿನ ಎಂತ ಟೆಸ್ಟ್ ಮಾಡಿದ್ದು?” ಎಂದು ಕೇಳಿದ.

ಫಿಟ್ಟಿಂಗ್ ಬದಲಿಸುವ ಅಗತ್ಯ ಬೀಳಲಿಲ್ಲ, ಪ್ಯಾಕ್ ಬದಲಿಸಿದರೆ ಸಾಕಾಯಿತು. ಪ್ರತಿ ಪ್ಯಾಕಿನ ಮೇಲೆ ಹಾಕಿದ ತಿಂಗಳು ಮತ್ತು ವರ್ಷವನ್ನು ಮಾರ್ಕರಿನಿಂದ ಬರೆದಿದ್ದೇವೆ. ಡಿಜಿಯ ಸ್ಟಾರ್ಟಿಂಗ್ ಬ್ಯಾಟರಿಯನ್ನು ಈಗ ತಿಂಗಳಿಗೊಮ್ಮೆ ಲೋಡ್ ಹಾಕಿ ಅಳೆಯುತ್ತೇವೆ. ಯಾವ ಬಾಡಿಗೆದಾರರು ಸೀಲಿಂಗ್ ಮುಟ್ಟಿದರೂ, ಕೆಲಸ ಮುಗಿದ ದಿನ ನಾನೇ ಹೋಗಿ ಆ ಮಹಡಿಯ ಎಂಸಿಬಿ ಇಳಿಸಿ ನೋಡದೆ ಸಹಿ ಹಾಕುವುದಿಲ್ಲ, ಇದಕ್ಕಾಗಿ ಇಬ್ಬರೊಡನೆ ಜಗಳವೂ ಆಗಿದೆ. ರಿಜಿಸ್ಟರಿನಲ್ಲಿ ‘ಓಕೆ’ ಎಂಬ ಕಾಲಂ ತೆಗೆಸಿ ‘ಉರಿದ ನಿಮಿಷ’ ಎಂದು ಅಚ್ಚು ಹಾಕಿಸಿದೆ. ಅದನ್ನು ತುಂಬಲು ಒಬ್ಬರು ಅಲ್ಲಿ ಕುಳಿತು ನೋಡಲೇಬೇಕು.

ಗೋಡೆಯ ಮೇಲಿನ ಚಾಕ್ ಬರಹವನ್ನು ಒರೆಸಲು ಮ್ಯಾನೇಜರ್ ಎರಡು ಸಲ ಹೇಳಿಕಳುಹಿಸಿದರು. ಬಣ್ಣ ಬಳಿಯುವಾಗ ಹೋಗುತ್ತದೆ ಎಂದು ಹೇಳಿ ಉಳಿಸಿಕೊಂಡಿದ್ದೇನೆ. ಕಳೆದ ತಿಂಗಳು ಟ್ಯೂಷನ್ ಟೀಚರ್ ಅದನ್ನು ನೋಡಿ ಏನೆಂದು ಕೇಳಿದರು, ಹೇಳಿದೆ. “ಈಗ ಎಷ್ಟು ಹೊತ್ತು ಇರ್ತದೆ ಸರ್?” ಎಂದು ಕೇಳಿದರು. ರಿಜಿಸ್ಟರ್ ತಂದು ತೋರಿಸಿದೆ. ಅವರ ಮಹಡಿಯಿಂದ ಕೆಳಗಿನವರೆಗೆ ಹಿಂಬದಿಯ ಮೆಟ್ಟಿಲಲ್ಲಿ ಒಂಬತ್ತು ದೀಪಗಳು, ಎಂಟು 90 ನಿಮಿಷ ದಾಟಿವೆ, ಮೂರನೆಯ ಮಹಡಿಯದು 74ಕ್ಕೆ ಆರಿದೆ. ಅದರ ಪ್ಯಾಕಿಗೆ ಆರ್ಡರ್ ಹೋಗಿದೆ, ಇನ್ನೂ ಬಂದಿಲ್ಲ.