ಎಲ್ಫ್‌ಗಳ ಮ್ಯಾಜಿಕ್ಕೂ ನಮ್ಮಜ್ಜಿ ಕೈಗುಣಾನೂ

ಮೊದಲ್ನೇ ಸಲ ಟೋಲ್ಕಿನ್ ಬರೆದ ಲಾರ್ಡ್ ಆಫ್ ದಿ ರಿಂಗ್ಸ್ ಕಾದಂಬರಿ ಓದಿದಾಗ ಅದರಲ್ಲಿ ಬರೋ ಎಲ್ಫ್‌ಗಳ ಮೇಲೆ ನಂಗೆ ಸ್ವಲ್ಪ ಬೇಜಾರೇ ಆಗಿತ್ತು. ಸಾವಿರಾರು ವರ್ಷ ಬದುಕಿರೋ ಜನ, ಹೋದಲ್ಲೆಲ್ಲ ಬಿಲ್ಡಪ್ಪು, ಆದ್ರೆ ಕೈಯಿಂದ ಒಂದು ಬೆಂಕಿ ಕಿಡಿನೂ ಹಾರ್ಸಲ್ಲ, ಏನೋ ಹಾಡು ಹೇಳ್ಕೊಂಡು ಕಾಡಲ್ಲಿ ಓಡಾಡ್ಕೊಂಡಿರ್ತಾರೆ ಅಷ್ಟೆ.

ಈಗ ಮತ್ತೆ ಓದ್ತಾ ಲೋತ್‌ಲೋರಿಯೆನ್ ಅನ್ನೋ ಎಲ್ಫ್‌ಗಳ ಕಾಡಿನ ಭಾಗಕ್ಕೆ ಬಂದೆ. ಕೆಟ್ಟ ಶಕ್ತಿಯ ಒಂದು ಉಂಗುರಾನ ನಾಶ ಮಾಡೋಕೆ ಹೊರಟಿರೋ ಫ್ರೋಡೋ, ಅವನ ಜೊತೆಗಾರರಾದ ಸ್ಯಾಮ್, ಪಿಪ್ಪಿನ್ ಎಲ್ಲ ಅಲ್ಲಿ ತಂಗಿರ್ತಾರೆ. ಹೊರಡೋ ದಿನ ಅಲ್ಲಿನೋರು ಎಲ್ರಿಗೂ ಒಂದೊಂದು ಮೇಲಂಗಿ ಕೊಡ್ತಾರಲ್ಲ, ಒಂದ್ಸಲ ಬೂದು ಒಂದ್ಸಲ ಹಸಿರು ಅನ್ಸೋ ಬಟ್ಟೆ, ಅದನ್ನ ನೋಡಿ ಪಿಪ್ಪಿನ್ನು ಇದು ಮ್ಯಾಜಿಕ್ ಬಟ್ಟೆನಾ ಅಂತ ಕೇಳ್ತಾನೆ. ಎಲ್ಫ್ ಉತ್ರ ಏನಪ್ಪಾ ಅಂದ್ರೆ, ನೀನು ಹಾಗಂದ್ರೆ ಏನು ಅಂತೀಯೋ ಗೊತ್ತಿಲ್ಲ, ಬಟ್ಟೆ ಚೆನ್ನಾಗಿದೆ, ನೇಯ್ಗೆ ಚೆನ್ನಾಗಿದೆ, ನಮ್ಮ ನೆಲದಲ್ಲೇ ಮಾಡಿದ್ದಲ್ವಾ.

ನಂಗೆ ತಟ್ಟಂತ ನೆನಪಾಗಿದ್ದು ನಮ್ಮಜ್ಜಿ ಸಾರು. ಅದೇ ಬೇಳೆ, ಅದೇ ಪುಡಿ, ಅದೇ ಪಾತ್ರೆ, ನಮ್ಮಮ್ಮ ಮಾಡಿದ್ರೆ ಸಾರು, ಅಜ್ಜಿ ಮಾಡಿದ್ರೆ ಬೀದಿಗೆಲ್ಲ ಘಮ. ಚಿಕ್ಕಮ್ಮ "ಅದೆಲ್ಲ ಕೈಗುಣ ಕಣೋ" ಅಂತಿದ್ರು. ಅಜ್ಜಿನೇ ಕೇಳಿದ್ರೆ "ಅಯ್ಯೋ ಅದ್ರಲ್ಲೇನಿದೆ, ಬೇಳೆ ಸರಿಯಾಗಿ ಬೆಂದಿತ್ತು" ಅಂತ ಅಷ್ಟೇ. ಎಲ್ಫ್ ಥರಾನೇ! ಟೋಲ್ಕಿನ್ 1951ರ ಸುಮಾರಿಗೆ ಒಬ್ಬ ಪ್ರಕಾಶಕರಿಗೆ ಬರೆದ ಉದ್ದದ ಪತ್ರದಲ್ಲೂ ಇದೇ ಅರ್ಥದ ಮಾತಿದೆ, ಎಲ್ಫ್‌ಗಳ ಮ್ಯಾಜಿಕ್ ಅಂದ್ರೆ ಕಲೆ, ಅದರ ಗುರಿ ಅಧಿಕಾರ ಅಲ್ಲ ಅಂತ. ಮಾಟ ಮಂತ್ರ ಅನ್ನೋದಕ್ಕಿಂತ ನಮ್ಮ ಕೈಗುಣ ಅನ್ನೋ ಪದಾನೇ ಇದಕ್ಕೆ ಸರಿಯಾಗಿ ಕೂರತ್ತೆ ಅನ್ಸತ್ತೆ ನಂಗೆ.

ಆದ್ರೆ ಕೈಗುಣ ಇದ್ದೋರಿಗೆಲ್ಲ ಬುದ್ಧಿ ಇರತ್ತೆ ಅಂತೇನಿಲ್ಲ, ಅದಕ್ಕೆ ಟೋಲ್ಕಿನ್ನರದೇ ಇನ್ನೊಂದು ಪುಸ್ತಕ ಸಿಲ್ಮರಿಲಿಯನ್‌ನ ಫೆಯನೋರ್ ಅನ್ನೋ ಎಲ್ಫ್ ಸಾಕು. ನೋಲ್ಡೋರ್ ಅನ್ನೋ ಅವನ ಕುಲದ ಹೆಸರಿಗೇ ತಿಳಿದೋರು ಅಂತ ಅರ್ಥ, ಅವರಲ್ಲೂ ಇವನಷ್ಟು ಕುಶಲಿ ಇನ್ನೊಬ್ಬ ಇಲ್ಲ, ದೇವತೆಗಳ ನಾಡಿಗೆ ಬೆಳಕು ಕೊಡ್ತಿದ್ದ ಎರಡು ಮರಗಳ ಬೆಳಕನ್ನೇ ಹಿಡಿದು ಸಿಲ್ಮರಿಲ್ ಅನ್ನೋ ಮೂರು ರತ್ನ ಮಾಡ್ದ. ಮಾಡಿದ್ಮೇಲೆ ಅಪ್ಪ ಮತ್ತೆ ಏಳು ಜನ ಮಕ್ಕಳನ್ನ ಬಿಟ್ಟು ಬೇರೆಯೋರು ನೋಡೋದಕ್ಕೂ ಹೊಟ್ಟೆಕಿಚ್ಚು ಪಟ್ಟ. ಆಮೇಲೆ ಆ ಮರಗಳೇ ಸಾಯೋ ಹೊತ್ತಲ್ಲಿ, ಅವನ್ನ ಉಳಿಸೋಕೆ ಆ ರತ್ನ ಕೊಡಪ್ಪ ಅಂದ್ರೆ ಕೊಡಲ್ಲ ಅಂದ, ಅಲ್ಲಿಂದ ಶಪಥ, ಹಡಗಿಗೋಸ್ಕರ ತಮ್ಮೋರನ್ನೇ ಕೊಲ್ಲೋದು, ಒಂದಾ ಎರಡಾ. ಓದೋವಾಗೆಲ್ಲ ಎಳ್ದು ಎರಡು ಬಾರಿಸೋಣ ಅನ್ಸತ್ತೆ ಅವನಿಗೆ.

ಲೋತ್‌ಲೋರಿಯೆನ್ನಿನ ಒಡತಿ ಗಲಾಡ್ರಿಯಲ್ ಅದೇ ಮನೆತನದೋಳು, ಅವನ ತಮ್ಮನ ಮಗಳು. ಬೇರೆ ಕಡೆ ನಡೆಯೋದನ್ನ ತೋರ್ಸೋ ಅವಳ ಕನ್ನಡಿ ಅಂದ್ರೆ ಒಂದು ಬೆಳ್ಳಿ ಬೋಗುಣಿ, ತೊರೆ ನೀರು ತುಂಬಿ ಉಸಿರು ಊದ್ತಾಳೆ, ಅಷ್ಟೇ ಸಾಮಾನು. ಸ್ಯಾಮ್ ನೋಡಿದ್ರೆ ಊರಲ್ಲಿ ಮರ ಕಡೀತಿದಾರೆ, ಅಪ್ಪ ಗಾಡಿ ತಳ್ಕೊಂಡು ಹೊರಟಿದಾನೆ, ಇವನು ಮನೆಗೆ ಹೋಗ್ತೀನಿ ಅಂತ ಹೊರಡ್ತಾನೆ. ನೋಡ್ಲಾ ಬೇಡ್ವಾ ಅಂತ ಫ್ರೋಡೋ ಕೇಳಿದ್ರೆ ಅವಳು ನೋಡು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಆಮೇಲೆ ಅವನು ಆ ಉಂಗುರಾನೇ ಕೈಗೆ ಕೊಡೋಕೆ ಬರ್ತಾನೆ. ಅದು ನಾಶ ಆದ್ರೆ ತನ್ನ ಉಂಗುರ ನೆನ್ಯದ ಶಕ್ತಿ ಹೋಗತ್ತೆ, ಇಡೀ ಲೋತ್‌ಲೋರಿಯೆನ್ ಬಾಡತ್ತೆ ಅಂತ ಚೆನ್ನಾಗಿ ಗೊತ್ತು ಅವಳಿಗೆ. ಆದ್ರೂ ಒಂದು ಕ್ಷಣ ಆಸೆ ಬಂದು, ನಕ್ಕು, ಬೇಡ ಅಂತಾಳೆ. ಶಕ್ತಿ ತೋರ್ಸೋ ಸೀನ್ ಬರತ್ತೆ ಅಂತ ಕಾಯ್ತಿದ್ದೆ ನಾನು, ದಡ್ಡ, ಸೀನ್ ಅದೇ ಆಗಿತ್ತು.

ಅವಳು ಸ್ಯಾಮ್‌ಗೆ ಕೊಟ್ಟಿದ್ದಾದ್ರೂ ಏನು, ಒಂದು ಸಾದಾ ಮರದ ಡಬ್ಬಿ, ಒಳಗೆ ತನ್ನ ತೋಟದ ಮಣ್ಣು, ಒಂದೇ ಒಂದು ಬೀಜ. ಕಥೆ ಮುಗಿಯೋ ಹೊತ್ತಿಗೆ ಅವನೂರಲ್ಲಿ ನಿಜವಾಗ್ಲೂ ಮರಗಳೆಲ್ಲ ಹೋಗಿರತ್ತೆ. ಎಲ್ಲಾನೂ ನಮ್ಮ ತೋಟಕ್ಕೇ ಇಟ್ಕೊಂಡ್ರೆ ಅಮ್ಮಾವ್ರಿಗೆ ಇಷ್ಟ ಆಗಲ್ಲ ಅಂತ ಸ್ಯಾಮ್ ಸಸಿಗಳನ್ನ ನೆಟ್ಟು ಒಂದೊಂದರ ಬುಡಕ್ಕೂ ಒಂದೊಂದು ಕಣ ಮಣ್ಣು ಹಾಕ್ತಾ ಊರೆಲ್ಲ ಸುತ್ತಿ, ಕೊನೆಗೆ ಉಳಿದಿದ್ದನ್ನ ಥ್ರೀ ಫಾರ್ದಿಂಗ್ ಸ್ಟೋನ್ ಅನ್ನೋ ಗಡಿಕಲ್ಲಿನ ಹತ್ರ ನಿಂತು ಗಾಳಿಗೆ ತೂರಿಬಿಡ್ತಾನೆ.