ಟಿಕೆಟ್ ಇಲ್ಲದೆ ರೈಲು ಹತ್ತಿ, ಆಮೇಲೆ ನಿಜ ಹೇಳಿದರೆ ಸಾಕಾ?

ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಕೇಳುತ್ತಲೇ ಇರುತ್ತಾರೆ: “ಅಕ್ಕಾ, ಕೌಂಟರಿನಲ್ಲಿ ಉದ್ದ ಕ್ಯೂ. ರೈಲು ಹೊರಡ್ತಾ ಇದೆ. ಸುಮ್ನೆ ಹತ್ತಿಬಿಟ್ಟು, ಟಿಸಿ ಬಂದಾಗ ನಿಜ ಹೇಳಿದರೆ ಆಯ್ತಲ್ವಾ?”

ಹತ್ತುವ ಮುಂಚೆಯೇ ಹೇಳಿ ಅನ್ನುವುದು ನನ್ನ ಉತ್ತರ. ಟಿಸಿ ಎದುರು ನಿಂತ ಮೇಲೆ ಸುಳ್ಳು ಹೇಳಿ ಪ್ರಯೋಜನವೂ ಇಲ್ಲ. ಅವರು ಬರದೇ ಇದ್ದಿದ್ದರೆ ಇಳಿದ ಮೇಲೆ ನೀವಾಗಿಯೇ ಹೋಗಿ ದುಡ್ಡು ಕಟ್ಟುತ್ತಿದ್ದಿರಾ? ಇಲ್ಲ ಎಂದಾದರೆ ಅದನ್ನು ಪ್ರಾಮಾಣಿಕತೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಮೊದಲೇ ಹೇಳುವವರಿಗೆ ಕಾನೂನಿನಲ್ಲೇ ದಾರಿ ಇದೆ. 1989ರ ರೈಲ್ವೆ ಕಾಯ್ದೆಯ 55ನೇ ಕಲಂ ಪ್ರಕಾರ, ಟಿಕೆಟ್ ಇಲ್ಲದವರು ಅಧಿಕಾರವಿರುವ ರೈಲ್ವೆ ಸಿಬ್ಬಂದಿಯ ಅನುಮತಿ ಕೇಳಬಹುದು. ದರವನ್ನು ಆಮೇಲೆ ಕಟ್ಟಬೇಕು ಎಂಬ ಷರತ್ತಿನ ಮೇಲೆ ಅವರು ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಇದ್ದರೆ ದರ ಮಾತ್ರ, ದಂಡವಿಲ್ಲ. ಚೀಟಿಯೂ ಇಲ್ಲದೆ ಸಿಕ್ಕಿಬಿದ್ದರೆ ದರದ ಜೊತೆ ಕನಿಷ್ಠ 250 ರೂಪಾಯಿ ಜಾಸ್ತಿ. ಮೋಸ ಮಾಡಲೆಂದೇ ಹತ್ತಿದವರಿಗೆ 137ನೇ ಕಲಂ, 6 ತಿಂಗಳವರೆಗೆ ಜೈಲು. ಟಿಕೆಟ್ ಮೂವರ ಹತ್ತಿರವೂ ಇಲ್ಲ. ಆದರೂ ಕಾಯ್ದೆ ಬರೆದವರು ಮೂವರನ್ನೂ ಒಂದೇ ತಕ್ಕಡಿಗೆ ಹಾಕಲಿಲ್ಲ. ನನಗೆ ಇದು ತುಂಬಾ ಇಷ್ಟ.

ಹಾಗಂತ ಮುಚ್ಚುಮರೆ ಇಲ್ಲದೆ ಮಾಡಿದ್ದೆಲ್ಲ ಸರಿಯಾಗಿಬಿಡುವುದಿಲ್ಲ. ನಮ್ಮ ದಾರಿಯಲ್ಲಿ ಪಾಸ್ ಇರುವ ಕೆಲವರು ರಿಸರ್ವೇಶನ್ ಬೋಗಿಗೆ ಹತ್ತುತ್ತಾರೆ. ಕೇಳಿದರೆ, “ಹೌದು, ಪಾಸೇ. ಏನೀಗ?” ಅಂತ ರಾಜಾರೋಷವಾಗಿ ಹೇಳುತ್ತಾರೆ. ಸುಳ್ಳಂತೂ ಇಲ್ಲ. ಆದರೆ ಮೊದಲೇ ಸೀಟು ಮಾಡಿಸಿದ ಅಜ್ಜಿ ಮುದುಡಿಕೊಂಡು ಕೂರಬೇಕು. ರೈಲ್ವೆಗೆ ಆದ ನಷ್ಟವನ್ನು ದುಡ್ಡು ಕಟ್ಟಿ ತೀರಿಸಬಹುದು. ಆ ಅಜ್ಜಿಯ ಕಾಲುನೋವಿಗೆ ಯಾವ ರಸೀದಿ ಹರಿಯುತ್ತಾರೆ? ನಿಯಮ ಚಿಕ್ಕದೋ ದೊಡ್ಡದೋ ಅಂತ ನಾನು ಅಳೆಯುವುದು ಇಲ್ಲೇ. ದಂಡದ ಮೊತ್ತ ನೋಡಿ ಅಲ್ಲ, ಮುರಿದಾಗ ಯಾರಿಗೆ ತೊಂದರೆ ಆಗುತ್ತದೆ ಅಂತ ನೋಡಿ.

ಹಾಗಾಗಿ ಹುಡುಗರಿಗೆ ಹೇಳುವುದು ಇಷ್ಟೆ. ಈಗ ಮೊಬೈಲಿನಲ್ಲೇ ಜನರಲ್ ಟಿಕೆಟ್ ಸಿಗುತ್ತದೆ, ಮನೆಯಿಂದಲೇ ಮಾಡಿಕೊಂಡು ಬನ್ನಿ. ಅದೂ ಆಗದಿದ್ದರೆ ಗಾರ್ಡ್ ಹತ್ತಿರ ಹೋಗಿ ಕೇಳಿ. ಈಗ ಅವರನ್ನು ಟ್ರೇನ್ ಮ್ಯಾನೇಜರ್ ಅಂತಾರೆ. ಅವರು ಬೇಡ ಅಂದರೆ ಮುಂದಿನ ರೈಲಿಗೆ ಬನ್ನಿ.