ನೇಮ್ ಅಂತ ಹೆಸರಿಟ್ಟೆ, ಚಾಲಿ ಚೂರಾಯಿತು

ಸಿರ್ಸಿಯಲ್ಲಿ ಮಳೆ ಬಿಡದೆ ಹೊಯ್ಯುತ್ತಿದ್ದ ವಾರ ಅದು. ಮಾವನ ಅಡಿಕೆ ಲೆಕ್ಕಕ್ಕೆ ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸಿ ಒಂದು ಸಣ್ಣ ವೆಬ್ ಪುಟ ಬರೆಯುತ್ತಿದ್ದೆ. ಚಾಲಿ ಎಷ್ಟು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಮಾರಿದ ದಿನ ದರ ಎಷ್ಟಿತ್ತು, ಅಷ್ಟೇ. ಅಡಿಕೆಯ ಈ ಮೂರು ಬಗೆಯ ಹೆಸರನ್ನು ಒಂದು ಅರೇಗೆ (ಪಟ್ಟಿಗೆ) ಹಾಕಿ, ವಾರ್ (var, ಹೆಸರಿಡಲು ಬಳಸುವ ಪದ) ಬಳಸಿ ಅದಕ್ಕೆ ನೇಮ್ (name) ಅಂತ ಹೆಸರಿಟ್ಟೆ. ಪಟ್ಟಿಯ ಒಂದೊಂದಕ್ಕೂ ಒಂದೊಂದು ಸಾಲು ಬರುವ ಹಾಗೆ ಬರೆದಿದ್ದೆ. ಪುಟ ತೆರೆದರೆ 3 ಸಾಲು ಬರಬೇಕಾದಲ್ಲಿ 16 ಸಾಲು! ಮೊದಲನೆಯದರಲ್ಲಿ ‘ಚ’, ಎರಡನೆಯದರಲ್ಲಿ ಬರೀ ದೀರ್ಘದ ಗುರುತು, ಮೂರನೆಯದರಲ್ಲಿ ‘ಲ’.

ಪಕ್ಕದಲ್ಲಿ ಕೂತಿದ್ದ ಮಾವ, "ಎಂತ ಆತಾ ತಮಾ, ಅಕ್ಷರ ಎಲ್ಲ ಚೂರಾತಲಾ" ಅಂದರು.

ಸಾದಾ ಸ್ಕ್ರಿಪ್ಟ್‌ನಲ್ಲಿ, ಯಾವ ಫಂಕ್ಷನ್ನಿನ ಒಳಗೂ ಅಲ್ಲದೆ, ವಾರ್ ಅಂತ ಬರೆದಿದ್ದೆಲ್ಲ ವಿಂಡೋ ಆಬ್ಜೆಕ್ಟ್‌ನ, ಅಂದರೆ ಬ್ರೌಸರ್ ಪ್ರತಿ ಪುಟಕ್ಕೂ ಕೊಡುವ ದೊಡ್ಡ ಡಬ್ಬಿಯ, ಪ್ರಾಪರ್ಟಿ (ಒಳಗಿನ ಹೆಸರು) ಆಗುತ್ತದೆ. ಅದು ನನಗೂ ಗೊತ್ತಿತ್ತು. ಆದರೆ ಅಲ್ಲಿ ನೇಮ್ ಅನ್ನುವುದು ಮೊದಲೇ ಇದೆ. ಲಿಂಕ್ ಯಾವ ಟ್ಯಾಬಿನಲ್ಲಿ ತೆರೆಯಬೇಕು ಅಂತ ಟಾರ್ಗೆಟ್ ಕೊಡುತ್ತೇವಲ್ಲ, ಆ ಹೆಸರು ಇರುವ ಜಾಗ ಅದು, ಮತ್ತು ಸ್ಟ್ರಿಂಗ್ (ಅಕ್ಷರಗಳ ಸರಣಿ) ಬಿಟ್ಟು ಬೇರೇನನ್ನೂ ಇಟ್ಟುಕೊಳ್ಳುವುದಿಲ್ಲ. ನನ್ನ ಅರೇಯನ್ನು ನಡುವೆ ಕಾಮಾ ಹಾಕಿ ಒಂದೇ ಸ್ಟ್ರಿಂಗ್ ಮಾಡಿಟ್ಟಿತು, ಆಮೇಲೆ ಅದರ ಒಂದೊಂದು ಗುರುತಿಗೂ ಒಂದೊಂದು ಸಾಲು ಬಂತು. ನಮಗೆ ಚಾಲಿ ಎರಡು ಅಕ್ಷರ, ಜಾವಾಸ್ಕ್ರಿಪ್ಟ್‌ಗೆ ನಾಲ್ಕು, ಯಾಕಂದರೆ ಅದು ಸ್ವರದ ಗುರುತನ್ನೂ ಬೇರೆಯಾಗಿ ಎಣಿಸುತ್ತದೆ. ರಾಶಿಯೂ ನಾಲ್ಕು, ಬೆಟ್ಟೆ ಒತ್ತಕ್ಷರ ಸೇರಿ ಆರು, ಎರಡು ಕಾಮಾ. ಹದಿನಾರು ಅಲ್ವಾ? ಎರರ್ ಒಂದೂ ಇಲ್ಲ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್ ಖಾಲಿ.

ಇನ್ನೂ ಜಾಸ್ತಿ ಕಾಡಿದ್ದು ಆಮೇಲೆ. ಆ ಸಾಲನ್ನೇ ಅಳಿಸಿ ಪುಟ ರೀಲೋಡ್ ಮಾಡಿದೆ. ಕನ್ಸೋಲ್‌ನಲ್ಲಿ ನೇಮ್ ಅಂತ ಹೊಡೆದರೆ ಚಾಲಿ, ರಾಶಿ, ಬೆಟ್ಟೆ ಇನ್ನೂ ಅಲ್ಲೇ ಕೂತಿವೆ! ಕ್ಯಾಶ್ (ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿ) ಇರಬೇಕು ಅಂತ ಅರ್ಧ ಗಂಟೆ ಅದನ್ನೇ ಅಳಿಸುತ್ತಾ ಕೂತೆ, ನಡುವೆ ಕರೆಂಟೂ ಹೋಯಿತು. ಕ್ಯಾಶ್ ಅಲ್ಲ. ವಿಂಡೋ ನೇಮ್ ಆ ಟ್ಯಾಬ್ ಜೊತೆ ಇರುವಂಥದ್ದು, ರೀಲೋಡ್ ಮಾಡಿದರೂ ಹೋಗುವುದಿಲ್ಲ. ಹೊಸ ಟ್ಯಾಬ್ ತೆರೆದರೆ ಖಾಲಿ.

ವಿಂಡೋದಲ್ಲೇ ಇರುವ ಟಾಪ್ (top) ಅನ್ನುವ ಪ್ರಾಪರ್ಟಿ ಇನ್ನೂ ಗಟ್ಟಿ. ವಾರ್ ಬಳಸಿ ಅದಕ್ಕೆ 10 ಕೊಟ್ಟು ನೋಡಿ, ಸುಮ್ನೆ ಇರುತ್ತದೆ, ಬೆಲೆ ಮಾತ್ರ ಬದಲಾಗುವುದಿಲ್ಲ. ವಾರ್ ಬದಲು ಲೆಟ್ (let) ಬಳಸಿದರೆ ಈ ಹೆಸರು ಆಗಲೇ ಇದೆ ಅಂತ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ನನಗೆ ಹೀಗೆ ಬಾಯಿಬಿಟ್ಟು ಹೇಳುವುದೇ ಇಷ್ಟ. ಎಚ್‌ಟಿಎಂಎಲ್‌ನಲ್ಲಿ ಐಡಿ ಕೊಟ್ಟ ಎಲಿಮೆಂಟ್‌ಗಳೂ ವಿಂಡೋದಲ್ಲಿ ಅದೇ ಹೆಸರಲ್ಲಿ ಸಿಗುತ್ತವೆ, ಅದನ್ನು ನಂಬಿ ಕೋಡ್ ಬರೆಯಲೇಬೇಡಿ.

ಹೆಸರಿಡಲು 2015ರಲ್ಲಿ ಬಂದ ಲೆಟ್, ಕಾನ್ಸ್ಟ್ (const) ಎರಡೂ ವಿಂಡೋದ ಪ್ರಾಪರ್ಟಿ ಆಗುವುದಿಲ್ಲ. ಹಾಗಾಗಿ ಕಾನ್ಸ್ಟ್ ಹಾಕಿದೆ, ಹೆಸರನ್ನೂ ‘ಅಡಿಕೆಬಗೆ’ ಅಂತ ಬದಲಿಸಿದೆ, ಸ್ಕ್ರಿಪ್ಟನ್ನು ಮಾಡ್ಯೂಲ್ (ತನ್ನ ಹೆಸರುಗಳನ್ನು ತನ್ನೊಳಗೇ ಇಟ್ಟುಕೊಳ್ಳುವ ಸ್ಕ್ರಿಪ್ಟ್) ಮಾಡಿದೆ. ಮಾಡ್ಯೂಲ್‌ನಲ್ಲಿ ವಾರ್ ಕೂಡ ವಿಂಡೋಗೆ ಹೋಗಿ ಅಂಟಿಕೊಳ್ಳುವುದಿಲ್ಲ.

ಈಗ ಮೂರೇ ಸಾಲು. ಮಾವ ಕನ್ನಡಕ ಏರಿಸಿ ನೋಡಿ, ಅಡಿಕೆಯ ಇನ್ನೊಂದು ಬಗೆ ಕೆಂಪುಗೋಟು ಎಲ್ಲಿ ಅಂತ ಕೇಳಿದರು.